ಹೊಸ ಕೋಚ್ ಮತ್ತು ಬೆಣ್ಣೆ

ಅಪ್ಪಾ,

ನೀವು ಹೋದ ಮೇಲೂ ನಿಮ್ಮ ಪರವಾಗಿ ಜಗಳವಾಡುವುದು ತಪ್ಪಿಲ್ಲ. ಇವತ್ತು ಬೆಳಿಗ್ಗೆ ಹೋಟೆಲಿನ ವರ್ನ್ ಕೆಣಕಿದ: "ನಿಮ್ಮಪ್ಪ ದೊಡ್ಡ ಕೋಚೇ, ಒಪ್ಕೋತೀನಿ ಲೊರೆಟಾ. ಆದ್ರೆ ನಮ್ ಕಾಲೇಜಿಗೆ ಈ ಹೊಸಬ ತಂದಷ್ಟು ಫುಟ್‌ಬಾಲ್ ಕಪ್ ಯಾರ್ ತಂದ್ರು ಹೇಳು?"

"ಇವನು ದುಡ್ಡು ಸುರಿದು ಆಟಗಾರರನ್ನ ತರ್ತಾನೆ. ನಮ್ಮಪ್ಪ ಜೋಳದ ಹೊಲದ ಹುಡುಗರನ್ನ ತಿದ್ದಿದ್ರು, ಮನೆ ಮಠ ಮರೆತು!" ಎಂದೆ.

ಅಷ್ಟರಲ್ಲಿ ಹೊಸ ಕೋಚ್ ಪುಟ್ಟ ಮಗಳೊಂದಿಗೆ ಒಳಗೆ ಬಂದ. ನಾಳೆ ವರ್ಷದ ದೊಡ್ಡ ಪಂದ್ಯ. ನಿಮ್ಮ ಕಾಲದಲ್ಲಿ ಆ ಪಂದ್ಯದ ವಾರ ನಿಮ್ಮ ಮುಖವನ್ನು ಮನೆಯವರಾದ ನಾವು ಪತ್ರಿಕೆಯಲ್ಲಷ್ಟೇ ನೋಡುತ್ತಿದ್ದೆವು.

"ಪ್ರತಿ ಶುಕ್ರವಾರ ಅಪ್ಪ ಮಗಳು ಇಲ್ಲೇ ತಿಂಡಿ," ಎಂದ ವರ್ನ್.

ಅರವತ್ತು ದಾಟಿದ ನನಗೆ ಆ ಮಗುವನ್ನು ಕಂಡು ಹೊಟ್ಟೆ ಉರಿಯಿತು. ಈಗಲೂ ನೀವೇ ದೊಡ್ಡವರು ಎನ್ನುತ್ತೇನೆ. ಆದರೆ ಅವಳ ಪ್ಯಾನ್‌ಕೇಕಿಗೆ ಎಷ್ಟು ಬೆಣ್ಣೆ ಸವರಬೇಕೆಂದು ಹೊಸ ಕೋಚ್ ಕೇಳಲಿಲ್ಲ. ಆತನಿಗೆ ಗೊತ್ತಿತ್ತು.