ಹರ್ಷಾ ಕಲಿತ ಹೆಸರು

ಸ್ವಾರಗೇಟ, ಪುಣೆ
೧೧ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಮಗಳು ನೀತಾಳಿಗೆ ಅವ್ವನ ಆಶೀರ್ವಾದ.

ಇವತ್ತು ಶ್ರಾವಣದ ಮೂರನೆಯ ಸೋಮವಾರ, ನನಗೆ ಒಪ್ಪತ್ತು. ನಸುಕಿನಲ್ಲೇ ನಳದ ನೀರು ಹಿಡಿದು, ಬಟ್ಟೆ ಒಗೆದು, ಲಿಂಗಪೂಜೆ ಮುಗಿಸಿ, ನಿನ್ನ ಮಗಳು ಹರ್ಷಾಗೆ ಎರಡು ಚಪಾತಿ ಕಟ್ಟಿ ಶಾಲೆಗೆ ಕಳಿಸಿ ಈಗ ಕುಳಿತಿದ್ದೇನೆ. ತಡವಾಯಿತು, ಸಿಟ್ಟು ಮಾಡಬೇಡ. ಮೂರು ಸಲ ಬರೆದು ಹರಿದುಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ಹುಡುಗಿ ನನ್ನ ಮಗ್ಗುಲಿಗೇ ಇರುತ್ತಾಳೆ. ನೀನೂ ‘ಉಂಡಳೇನು’ ಎಂದಷ್ಟೇ ಕೇಳಿ ಇಟ್ಟುಬಿಡುತ್ತೀ. ಅವಳಿಗೆ ಕನ್ನಡ ಓದಲು ಬಾರದು. ಅದಕ್ಕೆ ಕಾಗದವೇ ವಾಸಿ ಅನಿಸಿತು.

ಅಳಿಯಂದಿರು ಅಂಗಡಿ ತೆರೆಯುತ್ತಿದ್ದಾರೆಂದು ನಿಮ್ಮ ಶಿರೂರಿಗೆ ಬಂದುಹೋಗುವ ಮಹದೇವಪ್ಪನವರು ಹೇಳಿದರು. ಮನೆಯ ಹಿಂದೆ ಅರಣ್ಯದವರು ಇಟ್ಟ ಬೋನು ಇನ್ನೂ ಖಾಲಿಯೇ ಇದೆಯಂತೆ. ನೀನು ಮಾತ್ರ ಹಿತ್ತಲ ಬಾಗಿಲು ತೆಗೆಯುವುದಿಲ್ಲವಂತೆ. ತೆಗೆಯಬೇಡ. ಯಾರು ಏನೇ ಅನ್ನಲಿ.

ಅಮರ ಹೋಗಿ ಮೂರು ತಿಂಗಳ ಮೇಲಾಯಿತು. ಚಿರತೆ ಎಂದು ಬರೆಯುತ್ತಿದ್ದೇನೆ. ಹಗಲು ಹೊತ್ತು, ಬರೆದರೆ ತಪ್ಪಿಲ್ಲ. ನಾಲ್ಕು ವರ್ಷದ ನಿನ್ನ ಕೂಸನ್ನು ಚಿರತೆ ಕಟ್ಟೆಯ ಮೇಲಿಂದ ಎತ್ತಿಕೊಂಡು ಕಬ್ಬಿಗೆ ಹೋದದ್ದು ಈಗಲೂ ನನಗೆ ನಂಬಲಾಗುವುದಿಲ್ಲ. ಮೂರನೆಯ ದಿನ ನೀನು ಹರ್ಷಾಳ ಹೆಗಲು ಹಿಡಿದು ಜಗ್ಗಾಡಿದ್ದು ನೆನಪಿದೆಯೇ? ಮಂದಿಯ ಮುಂದೆ ಕೇಳಿದೆ, “ನೀ ಅಂಗಳದಾಗ ಇದ್ದಿ. ನೀ ನೋಡಿದ್ದಿ. ಒಂದು ಮಾತು ಹೇಳಾಕ ಏನಾಗಿತ್ತು? ಬಾಯಿ ಸತ್ತಿತ್ತೇನ?” ಆಮೇಲೆ ನನ್ನ ಕಡೆ ತಿರುಗಿ, “ಇಕಿನ್ನ ಕರಕೊಂಡು ಹೋಗವ್ವ. ಇಕಿ ಮಾರಿ ನೋಡಲಾರೆ” ಅಂದೆ. ಅವತ್ತಿನಿಂದ ಎಂಟು ವರ್ಷದ ಹುಡುಗಿಯ ಬಾಯಿ ಮುಚ್ಚಿತು. ಇಲ್ಲಿಯ ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಗಂಟಲಲ್ಲಿ ಏನೂ ಇಲ್ಲ, ಹೆದರಿಕೆ ಅಂದರು. ಶಾಲೆಯಲ್ಲಿ ಹಾಜರಿಗೂ ಬರೀ ಕೈ ಎತ್ತುತ್ತಾಳಂತೆ.

ಈಗ ಸುದ್ದಿ ಕೇಳು. ನಮ್ಮ ಮೇಲಿನ ಮನೆಗೆ ಮೈಸೂರು ಕಡೆಯ ಹುಡುಗಿ ಬಂದಿದ್ದಾಳೆ, ಮಾಧುರಿ ಅಂತ. ಅವಳ ಆಫೀಸಿಗೆ ಸ್ಪ್ಯಾನಿಶ್ ಭಾಷೆ ಬೇಕಂತೆ. ಸಂಜೆ ಮೆಟ್ಟಿಲ ಮೇಲೆ ಕುಳಿತು, ಚಿತ್ರದ ಕಾರ್ಡು ಒಂದೊಂದೇ ತೆಗೆದು ಗಟ್ಟಿಯಾಗಿ ಅನ್ನುತ್ತಾಳೆ. ಬೆಕ್ಕಿಗೆ ಗಾತೊ, ಮೇಕೆಗೆ ಕಾಬ್ರಾ. ಹರ್ಷಾ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂಡುತ್ತಾಳೆ.

“ಮಾತಾಡದ ಹುಡುಗಿಗಿ ಪಾಠ ಹೇಳಿ ಏನ ಮಾಡ್ತಿಯವಾ?” ಅಂದೆ ನಾನು.

“ನಂಗೂ ಬಾಯಿ ತಿರುಗಲ್ಲ ಆಂಟಿ, ಇಬ್ರೂ ಸೇಮ್ ಕ್ಲಾಸು,” ಅಂದಳು. “ನನ್ ಗಂಡ ಅಂತೂ ಕೇಳಿಸ್ಕೊಳಲ್ಲ, ಇವಳಾದ್ರೂ ಕೇಳ್ತಾಳೆ.”

ಕಳೆದ ಗುರುವಾರ ಇಳಿಹೊತ್ತಿಗೆ ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ಮಾಧುರಿ ಒಂದು ಕಾರ್ಡು ಎತ್ತಿದಳು. ಹಳದಿ ಮೈ, ಕರಿ ಚುಕ್ಕೆ. ಅವಳಿಗೆ ನಮ್ಮ ಮನೆಯ ಸಂಗತಿ ಗೊತ್ತಿಲ್ಲ. ನಾನು ಮೊರ ಬಿಟ್ಟು ಏಳುವಷ್ಟರಲ್ಲಿ “ಲೆಯೊಪಾರ್ದೊ” ಅಂದೇಬಿಟ್ಟಳು.

ಹರ್ಷಾ ಕಾರ್ಡು ಕೈಗೆ ತೆಗೆದುಕೊಂಡಳು. “ಲೆಯೊಪಾರ್ದೊ,” ಅಂದಳು.

ಮೂರು ತಿಂಗಳ ಮೇಲೆ ಆ ಧ್ವನಿ ಕೇಳಿದೆ ನೀತಾ. ತುಕ್ಕು ಹಿಡಿದ ಚಿಲಕ ತೆಗೆದ ಹಾಗಿತ್ತು. ಮಾಧುರಿ ಚಪ್ಪಾಳೆ ಹೊಡೆದಳು. ಹುಡುಗಿ ಆಕೆಯನ್ನು ನೋಡದೆ ಮತ್ತೆ ಮತ್ತೆ ಅದನ್ನೇ ಅಂದಳು, ನಾಲ್ಕು ಸಲ, ಐದು ಸಲ.

ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದು, ದೇವರ ಜಗುಲಿಯಿಂದ ದೂರ, ನನ್ನ ಕೈಗೆ ಸಿಗದಷ್ಟು ದೂರ ನಿಂತಳು.

“ಅಜ್ಜಿ, ಈ ಹೆಸರು ಈಗ ಅಂದ್ರ ನಡೀತದ?”

“ನಡೀತದವಾ. ಅನ್ನು.”

“ಲೆಯೊಪಾರ್ದೊ ಕುಂತದ,” ಅಂದಳು. “ತಮ್ಮ ಹೊರಗ ಅದಾನ.”

ಅವತ್ತು ನಾನು ದೀಪ ಹಚ್ಚಲಿಲ್ಲ. ಇಬ್ಬರೂ ಕತ್ತಲಲ್ಲೇ ಕುಳಿತೆವು. ಮರುದಿನದಿಂದ ಒಂದೆರಡು ಮಾತಾಡುತ್ತಾಳೆ, ನೀರು, ಸಾಕು, ಅಷ್ಟೇ. ನಿನ್ನೆ “ಅವ್ವ ನನ್ನ ಕರೀತಾಳೇನು?” ಎಂದು ಕೇಳಿದಳು. ಅದು ನಿನ್ನ ಕೈಯಲ್ಲಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ನನ್ನ ಶರಣು ತಿಳಿಸು. ಬಸವಣ್ಣ ನಿಮ್ಮಿಬ್ಬರನ್ನೂ ತನ್ನ ನೆರಳಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅವ್ವ,
ಸಾವಂತ್ರವ್ವ

ತಾ.ಕ.: ಬರೆಯಬೇಕಾದ್ದನ್ನು ಬರೆಯದೆ ಸಹಿ ಹಾಕಿದೆ. ಇದನ್ನು ಒಬ್ಬಳೇ ಕುಳಿತು ಓದು.

ಹರ್ಷಾ ಹೇಳಿದ್ದಳು. ಅವತ್ತು ನೀವಿಬ್ಬರೂ ಅಂಗಡಿಯಲ್ಲಿದ್ದಿರಿ. ನಾನು ನಿಮ್ಮ ಮನೆಯ ದೇವರ ಜಗುಲಿಯ ಮುಂದೆ ಬತ್ತಿ ಹೊಸೆಯುತ್ತಿದ್ದೆ. ಓಡಿ ಬಂದಳು. “ಅಜ್ಜಿ, ಕಬ್ಬಿನ ಅಂಚಿಗೆ ಚಿರತಿ ಕುಂತದ” ಅಂದಳು. ಸುಳ್ಳಾಡುತ್ತಾಳೆ ಅಂದುಕೊಂಡೆನೋ ಏನೋ, ಈಗ ಹೇಳಲಾರೆ. ಬಾಯಿಯ ಮೇಲೆ ಹೊಡೆದೆ. “ಮುಚ್ಚಂಜಿ ಹೊತ್ತಿನ್ಯಾಗ ಅದರ ಹೆಸರು ತಗೀತಿಯೇನ? ಕರದ್ರ ಬರ್ತದ,” ಎಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಪೂಜೆ ಮುಗಿಯುವ ತನಕ ತುಟಿ ಎರಡು ಮಾಡಕೂಡದು ಅಂದೆ. ಅವಳು ಮಾಡಲಿಲ್ಲ. ನಾನು ನೂರೆಂಟು ಸಲ ಮಂತ್ರ ಹೇಳಿದೆ. ಒಂದೂ ಬಿಡಲಿಲ್ಲ.

ನೀನು ಅವಳನ್ನು ಹಿಡಿದು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ನನ್ನನ್ನು ಬಯ್ಯಿ, ಸತ್ತರೆ ಮಣ್ಣಿಗೂ ಬರಬೇಡ, ಆದರೆ ಅವಳಿಗೆ ಎರಡು ಸಾಲು ಬರೆ. ‘ನೀನು ಹೇಳಿದ್ದೆ, ನನಗೆ ಗೊತ್ತಾಯಿತು’ ಎಂದು ಬರೆದರೆ ಸಾಕು. ಮರಾಠಿಯಲ್ಲೇ ಬರೆ, ಅವಳೇ ಓದಲಿ. ಈ ಕಾಗದ ತರುವ ಮಹದೇವಪ್ಪನವರು ಪ್ರತಿ ಗುರುವಾರ ಶಿರೂರಿಗೆ ಬರುತ್ತಾರೆ. ನಿನ್ನ ಬಾಗಿಲಿಗೆ ಬಂದು ಉತ್ತರ ಕೇಳಿ ತರಬೇಕೆಂದು ಕೈಮುಗಿದು ಹೇಳಿದ್ದೇನೆ. ಈ ಗುರುವಾರ ಕೊಡದಿದ್ದರೆ, ಮುಂದಿನ ಗುರುವಾರವೂ.