ಬದನೆ ಕುಂಡದ ಬಿಳಿ ಕಾಳು

ಮನೆ, ಅಡುಗೆಮನೆಯ ಕಿಟಕಿ ಪಕ್ಕ
ತಾರೀಖು ಹನ್ನೊಂದು, ಗುರುವಾರ ಬೆಳಗ್ಗೆ

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೇ? ಮಂಡಿನೋವು ಕಡಿಮೆಯಾಯಿತೇ? ನೂರು ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಹೋಗಿ, ದಿನಕ್ಕೆ ಹತ್ತು ಸಲ ಮೂರು ಮಹಡಿ ಹತ್ತಿ ಇಳಿಯುವ ಹಣೆಬರಹ ನಿನಗೆ ಯಾಕೆ ಬೇಕಿತ್ತೋ. ಅವರ ಊಟ ತಿಂಡಿ ನೀನು ನೋಡುತ್ತೀಯ, ನಿನ್ನದನ್ನು ಯಾರು ನೋಡುತ್ತಾರೆ? ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಆದರೆ ಪೂರ್ತಿ ಹಾಗೆ ಬರೆಯುವಂತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವನವರಿಗೆ ಬೇಕಾದ್ದು ಕೇಳಿಸದಿದ್ದರೂ ಬೇಡದ್ದೆಲ್ಲ ಕೇಳಿಸುತ್ತದೆ. ಈಗ ಅವರು ಅಂಗಳದಲ್ಲಿ ಪೇಪರ್ ಓದುತ್ತಿದ್ದಾರೆ. ಎರಡು ಸಾಲಿಗೊಮ್ಮೆ ಬಗ್ಗಿ ನೋಡಿಕೊಂಡು ಬರೆಯುತ್ತಿದ್ದೇನೆ.

ನೀನು ಹೊರಟಾಗ ನನ್ನ ತೋಟ ಎಂದರೆ ಎರಡು ಕುಂಡ. ಈಗ ಮೂವತ್ತೊಂದು. ಒಡೆದ ಬಕೆಟ್ಟು, ಹಳೆಯ ಡಬ್ಬ, ಮೊಮ್ಮಗಳು ಕೂತು ಸ್ನಾನ ಮಾಡುತ್ತಿದ್ದ ಟಬ್ಬು, ಯಾವುದನ್ನೂ ಬಿಟ್ಟಿಲ್ಲ. ಗೊಬ್ಬರಕ್ಕೆ ತರಕಾರಿ ಸಿಪ್ಪೆ, ಒಣಗಿದ ಎಲೆ, ಚಹಾ ಚರಟ. ಹುಳಕ್ಕೆ ಸೋಪಿನ ನೀರು, ಅದಕ್ಕೂ ಬಗ್ಗದಿದ್ದರೆ ನನ್ನ ಎರಡು ಬೆರಳು. ಮೂಟೆ ಗೊಬ್ಬರ, ಬಾಟಲಿ ಔಷಧಿ ಹೊಸ್ತಿಲು ದಾಟಬಾರದು ಎಂದು ನಾನು ಕಟ್ಟಾಜ್ಞೆ ಮಾಡಿದ್ದೇನೆ. ಯಾಕೆಂದರೆ ಮೊಮ್ಮಗಳು ಟೊಮೆಟೊ ಕಿತ್ತವಳೇ ಫ್ರಾಕಿಗೆ ಒರೆಸಿ ಬಾಯಿಗೆ ಹಾಕುತ್ತಾಳೆ. ನಿನ್ನ ಭಾವನವರಿಗೋ ಇದೆಲ್ಲ ತಮಾಷೆ. ಮೂವತ್ತು ವರ್ಷ ಗೊಬ್ಬರದ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದವರಲ್ಲವೇ? "ಸಿಪ್ಪೆ ಕೊಳೆಸ್ಕೊಂಡು ಎಷ್ಟು ದಿನ ಕೂತಿರ್ತೀಯೇ? ಒಂದು ಹಿಡಿ ಬಿಳೀ ಯೂರಿಯಾ ಹಾಕು, ಆಮೇಲೆ ನೋಡು" ಎಂದು ಚುಡಾಯಿಸುತ್ತಿದ್ದರು. ಹೀಗಿರುವಾಗ ಹದಿನೈದು ದಿನದ ಹಿಂದೆ ಬದನೆ ಕುಂಡದ ಮಣ್ಣು ಸಡಿಲ ಮಾಡುತ್ತಿದ್ದೆ, ಒಳಗೆ ಮೂರು ಬಿಳಿ ಕಾಳು ಸಿಕ್ಕವು. ನನಗೆ ಯಾರ ಮೇಲೆ ಅನುಮಾನ ಬಂದಿರಬೇಕು, ನೀನೇ ಹೇಳು.

ಬಾಯಿ ಬಿಡಲಿಲ್ಲ, ಕಣ್ಣು ಮಾತ್ರ ಬಿಟ್ಟೆ. ಜನ್ಮದಲ್ಲಿ ಮಣ್ಣು ಮುಟ್ಟದವರ ತೋರುಬೆರಳಿನ ಉಗುರಲ್ಲಿ ಮಣ್ಣು. ಊಟದ ಹೊತ್ತಿಗೆ "ಯಾರೋ ನನ್ನ ಕುಂಡಕ್ಕೆ ಏನೋ ಹಾಕ್ತಿದಾರೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡರು! ಅಂದಿನಿಂದ ಮೊಮ್ಮಗಳಿಗೆ ಟೊಮೆಟೊ ಮುಟ್ಟಬೇಡ ಎಂದೆ, ಅವಳು ಅತ್ತು ಮನೆ ಒಂದು ಮಾಡಿದಳು. "ಅತ್ತೆ, ಮಾವನ ಮೇಲೆ ಇಷ್ಟೊಂದು ಅನುಮಾನ ಯಾಕೆ?" ಎಂದು ಸೊಸೆ ಕೇಳಿದಾಗ, ಇವಳೂ ಇದರಲ್ಲಿ ಸೇರಿದ್ದಾಳೋ ಏನೋ ಎನ್ನಿಸಿತು. ನಗಬೇಡ. ಅನುಮಾನದ ಹುಳ ಹೊಕ್ಕರೆ ಸೋಪಿನ ನೀರಿಗೆಲ್ಲ ಸಾಯುವುದಿಲ್ಲ.

ಸಾಕ್ಷಿ ಬೇಕಲ್ಲ? ಕಾಳುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಸಸಿ ಮಾರುವವನ ಹತ್ತಿರ ಹೋದೆ. ಅವನು ಅಂಗೈಯಲ್ಲಿಟ್ಟು ತಿರುಗಿಸಿ, ಕನ್ನಡಕ ಏರಿಸಿ, "ಅಮ್ಮಾ, ಗೊಬ್ಬರಕ್ಕೆ ಯಾರಾದ್ರೂ ನಡುಮಧ್ಯೆ ಗೆರೆ ಎಳೀತಾರಾ? ಇದು ಮಾತ್ರೆ" ಎಂದ. ಕಾಳುಗಳನ್ನು ಕಸಿದು ಸೆರಗಿಗೆ ಕಟ್ಟಿಕೊಂಡೆ. ಮನೆಗೆ ಬಂದವಳೇ ನಿನ್ನ ಭಾವನವರ ಔಷಧಿ ಡಬ್ಬ ತೆಗೆದೆ. ಬಿ.ಪಿ. ಮಾತ್ರೆಯ ಹಾಳೆಯಲ್ಲಿ ದಿನಕ್ಕೊಂದರಂತೆ ಚೊಕ್ಕವಾಗಿ ಖಾಲಿಯಾಗಿದೆ. ಕಳ್ಳನೂ ಇಷ್ಟು ಶಿಸ್ತಿನವನಲ್ಲ.

ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಇದೇ ಕಿಟಕಿಯ ಪರದೆ ಹಿಂದೆ ನಿಂತೆ. ಅವರು ಲೋಟ ಹಿಡಿದು ಅಂಗಳಕ್ಕೆ ಬಂದು, ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಕೆಮ್ಮಿ, ತಲೆ ಹಿಂದೆ ಮಾಡಿ ನೀರು ಕುಡಿದರು. ಆಮೇಲೆ ಬದನೆ ಕುಂಡದ ಹತ್ತಿರ ಬಗ್ಗಿ, ಬೆರಳಲ್ಲಿ ತೂತು ಮಾಡಿ, ಬೀಜ ಊರಿದ ಹಾಗೆ ಮಾತ್ರೆ ಊರಿ ಮಣ್ಣು ಮುಚ್ಚಿದರು. ನಾನು ಓಡಿ ಹೋಗಿ ಕೈ ಹಿಡಿದೆ. ಏನು ಹೇಳಿದರು ಗೊತ್ತೇ? "ನೀನೇ ತಾನೇ ಮೀಟಿಂಗಲ್ಲಿ ಮೈಕ್ ಹಿಡ್ಕೊಂಡು ಹೇಳಿದ್ದು? ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಸುಳ್ಳು, ನಮ್ಮನೆಯವರ ಬಿ.ಪಿ. ಸೊಪ್ಪು ತಿಂದೇ ಇಳೀತು ಅಂತ. ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ಮಾತ್ರೆ ನುಂಗ್ತಾ ಇದ್ರೆ ನಿನ್ನ ಮಾತು ಸುಳ್ಳಾಗಲ್ವಾ?" ಹೌದು ತಂಗಿ, ಎರಡು ತಿಂಗಳ ಹಿಂದೆ ನಮ್ಮ ಕೈತೋಟದ ಗುಂಪಿನಲ್ಲಿ ಹಾಗೆ ಜಂಬ ಕೊಚ್ಚಿಕೊಂಡವಳು ನಾನೇ. ಆಗ ಬಿ.ಪಿ. ಇಳಿದದ್ದು ಸೊಪ್ಪಿನಿಂದಲೋ ಮಾತ್ರೆಯಿಂದಲೋ ಎಂದು ಯೋಚಿಸಿದವಳೇ ಅಲ್ಲ. ಎಂಟು ವಾರ ಅವರು ನನ್ನ ಮಾತನ್ನು ನಿಜ ಮಾಡಲು ಹೊರಟಿದ್ದರು.

ಅವತ್ತೇ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರು ಎರಡು ಸಲ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ನೋಡಿ, "ಸದ್ಯ, ಈಗಲಾದ್ರೂ ಬಂದ್ರಲ್ಲ" ಎಂದರು. "ಸೊಪ್ಪು ತಿನ್ನಿ, ಮಾತ್ರೆನೂ ತಿನ್ನಿ, ಎರಡಕ್ಕೂ ಜಗಳ ಇಲ್ಲ" ಎಂದರು. ನನಗೆ ನಿನ್ನ ಭಾವನವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು, ನಾಚಿಕೆಯಂತೂ ಹೇಳತೀರದು. ಈಗ ದಿನಾ ನನ್ನೆದುರು ನುಂಗಿ, ಆ ಎಂದು ಬಾಯಿ ತೆರೆದು ತೋರಿಸಬೇಕು. ನಾಲಿಗೆ ಎತ್ತಿಸಿ ಕೆಳಗೂ ನೋಡುತ್ತೇನೆ. ಬರುವ ಭಾನುವಾರ ಅದೇ ಮೀಟಿಂಗಿನಲ್ಲಿ ಅದೇ ಮೈಕ್ ಹಿಡಿದು ನಾನು ಹೇಳಿದ್ದು ತಪ್ಪು ಎಂದು ಹೇಳುವವಳಿದ್ದೇನೆ. ಮೊಮ್ಮಗಳ ಟೊಮೆಟೊ ನಿಷೇಧ ತೆಗೆದಾಯಿತು.

ಸೊಸೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಅಕ್ಕ

ಮರೆತೆ: ವಿಳಾಸ ಬರೆಯಲು ನಿನ್ನ ಹೋದ ಸಲದ ಪತ್ರ ತೆಗೆದವಳು, ಅಂಟಿಸಿದ್ದ ಲಕೋಟೆ ಮತ್ತೆ ಬಿಚ್ಚಿ ಇದನ್ನು ಗೀಚುತ್ತಿದ್ದೇನೆ. "ಅಕ್ಕಾ, ನಿನ್ನ ಮಾತು ಕೇಳಿ ಹಾಸ್ಟೆಲ್ ತಾರಸಿಯಲ್ಲಿ ನಾನೂ ಆರು ಕುಂಡ ಇಟ್ಟಿದ್ದೇನೆ, ಇನ್ನು ನನ್ನ ಬಿ.ಪಿ.ಗೂ ಸೊಪ್ಪೇ ಔಷಧಿ" ಎಂದು ಬರೆದಿದ್ದೀಯ. ಅದನ್ನು ನಾನು ಹೆಮ್ಮೆಯಿಂದ ಮನೆಮಂದಿಗೆಲ್ಲ ಓದಿ ಹೇಳಿದ್ದೆನಲ್ಲೇ! ಈಗತಾನೇ ಫೋನ್ ಮಾಡಿ ಕೇಳಿದರೆ, "ಮಾತ್ರೆ ತಗೋತಿದೀನಿ ಅಕ್ಕಾ, ತಗೋತಿದೀನಿ" ಎಂದು ನೀನು ಫೋನ್ ಇಟ್ಟೇಬಿಟ್ಟೆ. ನಿನ್ನ ಭಾವನವರೂ ಎಂಟು ವಾರ ಹೀಗೇ ಎರಡೆರಡು ಸಲ ಹೇಳುತ್ತಿದ್ದರು. ಈ ಪತ್ರ ಕೈಗೆ ಸಿಕ್ಕ ದಿನವೇ ಡಾಕ್ಟರ ಹತ್ತಿರ ಹೋಗು. ಭಾನುವಾರದ ಮೀಟಿಂಗ್ ಮುಗಿಸಿ ಸೋಮವಾರದ ಬಸ್ಸಿಗೆ ಬರುತ್ತಿದ್ದೇನೆ. ನಾನು ಬಂದು ನೋಡುವ ತನಕ ಆ ಆರು ಕುಂಡಗಳ ಮಣ್ಣು ಮುಟ್ಟಬೇಡ.