ಗಾಳ ಹಾಕದೆ ಎಂಟು ಮಂದಿಯಾದ ಇಬ್ಬರ ಅಹವಾಲು

ತಲೆ ಎಣಿಸಿ ಮೀನುಗಾರರನ್ನೇ ಎಣಿಸಿದೆವೆಂದು ನಂಬಿರುವ ಕೆರೆ ಪ್ರಾಧಿಕಾರದ ಮಾನ್ಯ ಅಧಿಕಾರಿಗಳೇ,

ನಿಮ್ಮ ಎಣಿಕೆ ತಪ್ಪು! ಆ ತಪ್ಪನ್ನೇ ನೆಚ್ಚಿಕೊಂಡು ನೀವು ಪೂರ್ವ ದಂಡೆಯ ಜೊಂಡನ್ನು ಕೊಯ್ಯಿಸಿ, ಗಾಳ ಹಾಕುವವರಿಗೆಂದು ಅರವತ್ತು ಸಿಮೆಂಟು ಕಟ್ಟೆ ಕಟ್ಟಿಸಲು ಹೊರಟಿದ್ದೀರಿ. ನಿಲ್ಲಿಸಿ ಎಂದು ಕೂಗಲಿಕ್ಕೇ ಈ ಪತ್ರ.

ಗೇಟಿನ ಹಲಗೆಗೆ ಅಂಟಿಸಿದ ನಿಮ್ಮ ವರದಿಯನ್ನು ನಿಂತು ಓದಿದೆ. ಆಹಾ, ಏನು ಗತ್ತು! 'ಹವ್ಯಾಸಿ ಮೀನುಗಾರಿಕೆಗೆ ಬೇಡಿಕೆ ಎರಡೇ ವರ್ಷದಲ್ಲಿ ದುಪ್ಪಟ್ಟು.' ಸ್ವಾಮಿ, ಆ ದುಪ್ಪಟ್ಟಿನೊಳಗೆ ನಾನೂ ನನ್ನ ಭಾವನೂ ಇದ್ದೇವೆ. ಮನೆಯಲ್ಲಿ ನಾವು ಇಬ್ಬರು. ನಿಮ್ಮ ಪಟ್ಟಿಯಲ್ಲಿ ಒಂದೊಂದು ಭಾನುವಾರವೂ ಎಂಟು ಮಂದಿ. ಹೇಗೆಂದು ಕೇಳಿ. ಉತ್ತರದ ಗೇಟಿನಲ್ಲಿ ಹೊಕ್ಕೆವು, ಕಾವಲುಗಾರ ಬೆರಳಿನ ಯಂತ್ರವನ್ನು ಟಿಕ್ ಟಿಕ್ ಎಂದು ಒತ್ತಿದ. ದಂಡೆಯಲ್ಲಿ ಕಾಲೂರಲು ಜಾಗವಿಲ್ಲ, ಹೊರಬಂದೆವು. ಪಶ್ಚಿಮದ ಗೇಟು, ಟಿಕ್ ಟಿಕ್, ಅಲ್ಲೂ ಭುಜಕ್ಕೆ ಭುಜ. ದಕ್ಷಿಣದಲ್ಲೂ ಅದೇ. ಕೊನೆಗೆ ಪೂರ್ವದ ಗೇಟಿನಲ್ಲಿ ಎಣಿಸಿ ಒಳಗೆ ಬಿಟ್ಟರು, ಹತ್ತು ಹೆಜ್ಜೆಗೆ 'ಅಳತೆ ನಡೆಯುತ್ತಿದೆ' ಎಂಬ ಹಗ್ಗ ಅಡ್ಡ ಬಂತು. ಗಾಳದ ಕೋಲು ಚೀಲದಿಂದ ಹೊರಗೇ ಬರಲಿಲ್ಲ.

"ಏನಪ್ಪಾ, ಮೀನೇ ಹಿಡೀದೋರನ್ನ ಯಾಕೆ ಎಣಿಸ್ತೀಯ?" ಅಂದೆ.

"ಬಂದ್ರಲ್ಲ ಸಾರ್, ಒತ್ತಿದೆ. ವಾಪಸ್ ಹೋದೋರಿಗೆ ಒತ್ತೋಕೆ ನನ್ಹತ್ರ ಬಟನ್ನೇ ಇಲ್ಲ."

ನಿಮ್ಮ ಕಚೇರಿಯಲ್ಲಿ ಸತ್ಯ ಬಲ್ಲವನು ಅವನೊಬ್ಬನೇ! ಜಾಗ ಸಿಗದೆ ಅಲೆದವರೆಲ್ಲ ನಿಮಗೆ ಬೇಡಿಕೆ. ಬೇಸತ್ತು ಬರುವುದನ್ನೇ ಬಿಟ್ಟವರು ನಿಮಗೆ ಯಾರೂ ಅಲ್ಲ. ನಮಗೆ ಬರೀ ಮೀನು ಬೇಕಿದ್ದರೆ ಅಂಗಡಿ ಇರಲಿಲ್ಲವೇ? ನಾವು ಬರುತ್ತಿದ್ದದ್ದು ನಮಗೂ ಪಕ್ಕದವನಿಗೂ ನಡುವೆ ಇರುತ್ತಿದ್ದ ಹತ್ತು ಮಾರು ಖಾಲಿ ಜಾಗಕ್ಕೆ. ಅದನ್ನೂ ಕಟ್ಟೆ ಮಾಡಿ ತುಂಬಿಸಿದ ಮೇಲೆ ಯಾವ ಬೇಡಿಕೆ, ಯಾರ ಬೇಡಿಕೆ?

ನನ್ನ ಭಾವ ಮೂವತ್ತು ವರ್ಷ ಅಚ್ಚುಕೂಟದ ಯಂತ್ರದ ಮುಂದೆ ನಿಂತವರು. ಆ ಗದ್ದಲದಲ್ಲಿ ಮಾತಿನ ರೂಢಿಯೇ ತಪ್ಪಿಹೋಯಿತು. ಎದುರು ಕೂತರೆ ತುಟಿ ಬಿಚ್ಚುವುದಿಲ್ಲ, ಪಕ್ಕದಲ್ಲಿ ಕೂತು ಇಬ್ಬರೂ ನೀರಿನ ಮೇಲಿನ ಬೆಂಡನ್ನೇ ನೋಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಇಪ್ಪತ್ತು ವರ್ಷ ನಮ್ಮ ಜಾಗ ಆ ಜೊಂಡಿನ ಮಗ್ಗುಲು. ಹೋದ ವರ್ಷ ಅಕ್ಕ ತೀರಿಕೊಂಡಳು. ಆಮೇಲೆ ನೀವು ಹಗ್ಗ ಕಟ್ಟಿದಿರಿ, ನಾವು ಪಶ್ಚಿಮದ ಜಂಗುಳಿಯಲ್ಲಿ ನುಸುಳಿ ಕೂತೆವು. ಭಾವ ಬೆಂಡು ನೋಡುತ್ತಾ ಮೆಲ್ಲಗೆ ಶುರು ಮಾಡಿದರು: "ನಿಮ್ಮಕ್ಕ ಹೋಗೋ ಮುಂಚೆ, ನಿಂಗೆ ಹೇಳು ಅಂತ ಒಂದು ಮಾತು ಹೇಳಿದ್ಲು ಕಣಯ್ಯಾ..."

ಆಗಲೇ ಪಕ್ಕದವನು ಬೀಸಿದ ಗಾಳ ಭಾವನ ಟೋಪಿಗೆ ಸಿಕ್ಕಿ, ಟೋಪಿ ಹಾರಿ ಕೆರೆಗೆ ಬಿತ್ತು. ದಂಡೆಗೆ ದಂಡೆಯೇ ಘೊಳ್ಳೆಂದಿತು. "ತಾತಾ, ತಲೆ ಉಳೀತಲ್ಲಾ, ಖುಷಿಪಡು!" ಎಂದನೊಬ್ಬ. ಭಾವ ದಾರ ಸುತ್ತಿಕೊಂಡು ಎದ್ದರು.

ಮನೆಗೆ ಬಂದು ಅಂಗಲಾಚಿದೆ. "ಅಕ್ಕ ಏನಂದ್ಲು, ಹೇಳಿ ಭಾವ."

"ಇಲ್ಲಾಗಲ್ಲ. ನಿನ್ನ ಮುಖ ನೋಡ್ಕೊಂಡು ನನ್ಕೈಲಿ ಹೇಳೋಕಾಗಲ್ಲ. ಜೊಂಡಿನ ಹತ್ರ ಜಾಗ ಸಿಕ್ಕಿದ ದಿನ ಹೇಳ್ತೀನಿ."

ಅದಾದ ಮೇಲಿನ ಭಾನುವಾರಗಳೇ ನಿಮ್ಮ ಟಿಕ್ ಟಿಕ್. ಮೊನ್ನೆ ಕರೆದರೆ, "ನೀನೇ ಹೋಗು. ಹಂಗೆ ಒತ್ತರಿಸ್ಕೊಂಡು ನಿಲ್ಲೋಕೆ ನಾನೇನು ಬಸ್ಸಿಗೆ ಕಾಯ್ತಾ ಇದೀನಾ?" ಅಂದುಬಿಟ್ಟರು. ಅವರ ಗಾಳದ ಕೋಲು ಈಗ ಎರಡು ಕಿಟಕಿಗಳ ನಡುವೆ ಅಡ್ಡ ನಿಂತಿದೆ. ಅದರ ಮೇಲೆ ಅಂಗಿ ಒಣಗುತ್ತದೆ, ನೀರು ತೊಟ್ಟಿಕ್ಕುತ್ತದೆ, ನಾನು ಕೂತಲ್ಲಿ ಕೂರಲಾರದೆ ಅತ್ತಿಂದಿತ್ತ ತಿರುಗುತ್ತೇನೆ. ಭಾವನಿಗೆ ಎಪ್ಪತ್ತಾರು, ಮಾನ್ಯರೇ. ನಿಮ್ಮ ಕಟ್ಟೆ ಕಾಯಬಲ್ಲದು, ಆ ಮಾತು ಕಾಯಲಾರದು.

ಆದ್ದರಿಂದ ಹಗ್ಗ ಬಿಚ್ಚಿ. ಜೊಂಡನ್ನು ಮುಟ್ಟಬೇಡಿ. ಆ ದಂಡೆಗೆ ದಿನಕ್ಕೆ ಹತ್ತೇ ಜನ ಎಂದು ಸರದಿ ಇಡಿ, ನಮ್ಮ ಸರದಿ ತಿಂಗಳಿಗೊಮ್ಮೆ ಬಂದರೂ ಸೈ. ಕಾವಲುಗಾರನ ಕೈಗೆ ಇನ್ನೊಂದು ಬಟನ್ ಕೊಡಿ, ತಿರುಗಿ ಹೋದವರನ್ನೂ ಎಣಿಸಲಿ. ಕೋಲಿನ ಮೇಲಿನ ಅಂಗಿ ತೆಗೆದು ಮಡಿಸಿಡಲು ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ಎಂಟು ಮಂದಿಯಲ್ಲಿ ನಾಲ್ವರಾಗಿರುವ,
ಅಕ್ಕನ ಕೊನೆಯ ಮಾತು ಇನ್ನೂ ಕೇಳದ ಒಬ್ಬನೇ ತಮ್ಮ